ರಂಗಲಕ್ಷ್ಮಮ್ಮನ ಸೂಜಿಹಾಸು

ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಆ ನಾರಿನ ಕಾರ್ಖಾನೆಯಲ್ಲಿ ಓಡುವ ಮೆಷಿನ್ ನಿಲ್ಲಿಸುವವರು ಇಬ್ಬರೇ. ಒಂದು, ಕರೆಂಟಿನವರು. ಇನ್ನೊಂದು, ರಂಗಲಕ್ಷ್ಮಮ್ಮ. ಕರೆಂಟಿನವರು ಕಾರಣ ಹೇಳದೆ ನಿಲ್ಲಿಸುತ್ತಿದ್ದರು, ರಂಗಲಕ್ಷ್ಮಮ್ಮ ಕಾರಣ ಹೇಳಿ ನಿಲ್ಲಿಸುತ್ತಿದ್ದಳು, ಅಷ್ಟೇ ವ್ಯತ್ಯಾಸ. ಮಾಲೀಕರಾದ ಲಕ್ಷ್ಮೀನರಸಿಂಹಯ್ಯನವರಿಗೂ ಆ ಅಧಿಕಾರ ಇತ್ತೆನ್ನಿ. ಆದರೆ ಅವರು ಅದನ್ನು ಒಂದು ದಿನವೂ ಬಳಸಿದವರಲ್ಲ. ಮೆಷಿನ್ ನಿಂತರೆ ಅವರಿಗೆ ಉಸಿರೇ ನಿಂತಂತಾಗುತ್ತಿತ್ತು.

ರಂಗಲಕ್ಷ್ಮಮ್ಮ ಗುಬ್ಬಿಯ ಹುಡುಗಿ. ಏಳನೇ ಕ್ಲಾಸಿನವರೆಗೆ ಓದಿದವಳು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಪುಟ್ಟರಂಗಯ್ಯನ ಕೈಹಿಡಿದಳು. ಅವನಿಗೆ ಅಂತರಸನಹಳ್ಳಿಯ ಲಾರಿ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದ ಮೇಲೆ ಇಬ್ಬರೂ ತುಮಕೂರಿಗೆ ಬಂದು ಒಂದು ಕೋಣೆಯ ಮನೆ ಹಿಡಿದರು. ಎಪ್ಪತ್ನಾಲ್ಕರಲ್ಲಿ ಅವಳು ಕಾರ್ಖಾನೆಗೆ ಸೇರಿದ್ದು ನಾರು ಕೊಡವುವ ಕೆಲಸಕ್ಕೆ. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ದೂಳು ಕುಡಿಯುವ ಕೆಲಸ ಅದು. ಎರಡು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಅವಳ ಕಣ್ಣು ಮೆಷಿನ್ನಿನ ಮೇಲೆ ಬಿದ್ದಿತ್ತು.

ಆ ಮೆಷಿನ್ನಿನ ವಿಷಯ ಸ್ವಲ್ಪ ಹೇಳಲೇಬೇಕು. ಲಕ್ಷ್ಮೀನರಸಿಂಹಯ್ಯನವರು ಗುಬ್ಬಿ ಕಡೆಯ ತೆಂಗಿನ ತೋಟದವರು. ಊರೆಲ್ಲ ಸಿಪ್ಪೆಯನ್ನು ಒಲೆಗೆ ಹಾಕುತ್ತಿದ್ದಾಗ ಇವರೊಬ್ಬರು ಆ ಸಿಪ್ಪೆಯ ನಾರಿನಿಂದ ದಪ್ಪ ಹಾಸು ಮಾಡಿ ಬಸ್ ಸೀಟಿಗೂ ಹಾಸಿಗೆಗೂ ಮಾರುತ್ತೇನೆಂದು ಹೊರಟರು. ಅದಕ್ಕಾಗಿ ಜರ್ಮನಿಯಿಂದ ಒಂದು ಹಳೇ ಮೆಷಿನ್ ತರಿಸಿದರು. ಕೆಳಗೆ ನಾರು ಹರಡಿಕೊಂಡು ಬರುತ್ತದೆ. ಮೇಲೆ ಒಂದು ಹಲಗೆ, ಹಲಗೆಯ ತುಂಬ ನಾಲ್ಕು ಸಾವಿರ ಉಕ್ಕಿನ ಸೂಜಿ. ಹಲಗೆ ದಡದಡನೆ ಇಳಿದು ಏರುತ್ತದೆ. ಒಂದೊಂದು ಸೂಜಿಯೂ ಬೆರಳುದ್ದ, ಮೂರು ಅಂಚು, ಅಂಚಿನ ಮೇಲೆ ಕಣ್ಣಿಗೆ ಕಂಡೂ ಕಾಣದ ಕಚ್ಚುಗಳು. ಇಳಿಯುವಾಗ ಆ ಕಚ್ಚು ನಾರನ್ನು ಹಿಡಿದು ಒಳಕ್ಕೆ ತಳ್ಳುತ್ತದೆ, ಏರುವಾಗ ನಾರನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬರುತ್ತದೆ. ದಾರವಿಲ್ಲ, ಅಂಟಿಲ್ಲ. ನಾರಿಗೆ ನಾರೇ ಹೆಣೆದುಕೊಂಡು ಗಟ್ಟಿ ಹಾಸಾಗಿ ಆಚೆ ಬರುತ್ತದೆ. ಸೂಜಿ ಮಾತ್ರ ನಮ್ಮಲ್ಲಿ ಸಿಗುತ್ತಿರಲಿಲ್ಲ. ಅದೂ ಜರ್ಮನಿಯಿಂದಲೇ ಬರಬೇಕು.

ಮುರಿದ ಸೂಜಿ ತೆಗೆದು ಹೊಸದು ಹಾಕುವ ಕೆಲಸಕ್ಕೆ ಮೊದಲು ಇದ್ದ ಫಿಟ್ಟರ್ ಕೆಲಸ ಬಿಟ್ಟು ಹೋದ. ಬೇರೆಯವನು ಸಿಗುವ ತನಕ ಎಂದು ರಂಗಲಕ್ಷ್ಮಮ್ಮನನ್ನು ಅಲ್ಲಿ ನಿಲ್ಲಿಸಿದರು. ಬೇರೆಯವನು ಸಿಗಲೇ ಇಲ್ಲ, ಹುಡುಕುವುದನ್ನೂ ಬಿಟ್ಟರು. ನಾಲ್ಕು ಸಾವಿರದಲ್ಲಿ ಒಂದು ಸೂಜಿ ಮುರಿದರೆ ಆ ದಡದಡದ ಮಧ್ಯೆಯೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಹೇಗೆ ಎಂದು ಕೇಳಿದರೆ, "ಅನ್ನ ಬೆಂದದ್ದು ನಿಮಗೆ ಹೆಂಗೆ ಗೊತ್ತಾಗ್ತದೆ?" ಎಂದು ತಿರುಗಿಸಿ ಕೇಳುತ್ತಿದ್ದಳು.

ಎಪ್ಪತ್ತಾರರ ಕೊನೆಯಲ್ಲಿ ಒಂದು ಘಟನೆ ನಡೆಯಿತು. ಕುಣಿಗಲ್‌ನಿಂದ ತುಮಕೂರಿಗೆ ಬರುವ ಒಂದು ಖಾಸಗಿ ಬಸ್ಸಿನಲ್ಲಿ ಹೊಸ ಸೀಟಿನ ಮೇಲೆ ಒಬ್ಬ ಮೇಷ್ಟ್ರು ಕೂತರು. ಕೂತವರೇ ಚೀರಿ ಎದ್ದರು. ಆಮೇಲೆ ತುಮಕೂರಿನ ತನಕ ನಿಂತುಕೊಂಡೇ ಬಂದರು. ಸೀಟು ಕಾರ್ಖಾನೆಗೆ ವಾಪಸ್ಸಾಯಿತು. ರಂಗಲಕ್ಷ್ಮಮ್ಮ ಅದನ್ನು ಬಿಡಿಸಿ ನಾರನ್ನು ಎಳೆ ಎಳೆಯಾಗಿ ಕಿತ್ತು ನೋಡಿದಳು. ಅಕ್ಕಿ ಕಾಳಿನಷ್ಟು ಉದ್ದದ ಸೂಜಿಯ ತುದಿ ಸಿಕ್ಕಿತು. ಯಾರೂ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಆದರೂ ಅವತ್ತು ಅವಳು ಬುತ್ತಿ ಬಿಚ್ಚಲಿಲ್ಲ.

ಮಾರನೆಯ ದಿನದಿಂದ ಅವಳದೇ ಒಂದು ಕಾನೂನು ಬಂತು. ಸೂಜಿ ಮುರಿದರೆ ಮೆಷಿನ್ ನಿಲ್ಲಬೇಕು. ಮುರಿದ ತುದಿ ಸಿಗಬೇಕು. ಸಿಕ್ಕ ತುದಿಯನ್ನು ಅದರ ಬುಡಕ್ಕೆ ದಾರ ಸುತ್ತಿ ಕಟ್ಟಬೇಕು. ಹಿಂದಿನ ಗೋಡೆಗೆ ನೇತುಹಾಕಿದ್ದ ಆಳೆತ್ತರದ ಒಂದು ನಾರಿನ ಹಾಸಿನೊಳಕ್ಕೆ ಅದನ್ನು ಚುಚ್ಚಿ, ಪಕ್ಕದಲ್ಲಿ ತಾರೀಖಿನ ಚೀಟಿ ಸಿಕ್ಕಿಸಬೇಕು. ಆಮೇಲೇ ಹೊಸ ಸೂಜಿ, ಆಮೇಲೇ ಮೆಷಿನ್. ಮುರಿಯದೆ ಸವೆದು ಹೋದ ಸೂಜಿಗೂ ಇದೇ ಮರ್ಯಾದೆ. ಸಾಲಿಗೆ ನೂರು. ಜೊತೆಯ ಹೆಂಗಸರು ಇದಕ್ಕೆ ಸೂಜಿಹಾಸು ಎಂದು ಹೆಸರಿಟ್ಟು ನಗಾಡಿದರು. "ಏನ್ ರಂಗಕ್ಕ, ಸತ್ತ ಸೂಜಿಗೆಲ್ಲ ತಿಥಿ ಮಾಡ್ತೀಯಾ?" ಎಂದಳು ಸರ್ವಮಂಗಳ ಎಂಬ ಜೋರು ಬಾಯಿಯವಳು. ಲಕ್ಷ್ಮೀನರಸಿಂಹಯ್ಯನವರು ಗಡಿಯಾರ ನೋಡಿ ನೋಡಿ ಕೈ ಹಿಸುಕಿಕೊಂಡರು. ಅವಳು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಅಲ್ಲಿಂದ ಮುಂದೆ ಯಾವ ಮೇಷ್ಟ್ರೂ ಚೀರಿ ಎದ್ದ ಸುದ್ದಿ ಬರಲಿಲ್ಲ.

ನಾಲ್ಕು ವರ್ಷದಲ್ಲಿ ಹಾಸಿನಲ್ಲಿ ಹದಿನೆಂಟು ಸಾಲು ತುಂಬಿ ಹತ್ತೊಂಬತ್ತನೆಯದು ನಡೆಯುತ್ತಿತ್ತು. ಹನ್ನೊಂದನೆಯ ಸಾಲಿನಲ್ಲಿ ಮಾತ್ರ ಒಂದು ಜಾಗ ಖಾಲಿ. ತಾರೀಖಿನ ಚೀಟಿ ಇತ್ತು, ಸೂಜಿ ಇರಲಿಲ್ಲ. ಆ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಅಷ್ಟು ಹತ್ತಿರ ಹೋಗಿ ನೋಡಿಯೂ ಇರಲಿಲ್ಲ.

ಎಂಬತ್ತರಲ್ಲಿ ಪೀಕಲಾಟ ಶುರುವಾಯಿತು. ಪದೇ ಪದೇ ತರಿಸುವ ರಗಳೆ ಬೇಡವೆಂದು ಮಾಲೀಕರು ಆ ಸಲ ಒಟ್ಟಿಗೆ ಹತ್ತು ಸಾವಿರ ಸೂಜಿಗೆ ಆರ್ಡರ್ ಕೊಟ್ಟಿದ್ದರು. ಅಲ್ಲಿಯ ತನಕ ಐನೂರು, ಸಾವಿರ ಬಂದಾಗೆಲ್ಲ ಮೆಷಿನ್ನಿನ ಬಿಡಿಭಾಗ ಎಂದು ಕಸ್ಟಮ್ಸ್‌ನವರು ಬಿಟ್ಟು ಕಳಿಸಿದ್ದರು. ಹತ್ತು ಸಾವಿರ ಕಂಡಾಗ ಅಲ್ಲಿನ ಅಧಿಕಾರಿಗೆ ಅನುಮಾನ ಬಂತು. ಒಂದೇ ಮೆಷಿನ್ ಇಟ್ಟುಕೊಂಡ ಸಣ್ಣ ಕಾರ್ಖಾನೆಗೆ ಹತ್ತು ಸಾವಿರ ಯಾಕೆ? ಇವು ಮೆಷಿನ್ನಿನ ಭಾಗವಲ್ಲ, ಚರ್ಮ ಚುಚ್ಚುವುದಕ್ಕೂ ಚೀಲ ಹೊಲಿಯುವುದಕ್ಕೂ ಬಜಾರಿನಲ್ಲಿ ಮಾರುವ ಕೈ ಸಾಮಾನು ಎಂದು ಬರೆದು, ಸುಂಕದ ಪಟ್ಟಿಯಲ್ಲಿ ಬೇರೆಯ ಸಾಲಿಗೆ ಸೇರಿಸಿಬಿಟ್ಟರು. ಸಾಲು ಬದಲಾದರೆ ಸುಂಕವೂ ಬದಲು. ಸೂಜಿಯ ಬೆಲೆಗಿಂತ ಸುಂಕವೇ ದೊಡ್ಡದಾಗಿ ಕೂತಿತು. ಅಧಿಕಾರಿ ಕೆಟ್ಟವರೇನಲ್ಲ. ಪಾಪ, ಅವರು ಸೂಜಿಯನ್ನು ಕಂಡಿದ್ದು ಡಬ್ಬಿಯೊಳಗೆ ಮಾತ್ರ, ಹಲಗೆಯ ಮೇಲೆ ಕಂಡಿರಲಿಲ್ಲ.

ಮೇಲಿನ ಅಧಿಕಾರಿಗೆ ಅಪೀಲು ಹೋಯಿತು. ಅವರು ಕೆಳಗಿನವರು ಬರೆದದ್ದೇ ಸರಿ ಎಂದರು. ಸೂಜಿಯ ಪೆಟ್ಟಿಗೆಗಳು ಬೆಂಗಳೂರಿನ ಗೋದಾಮಿನಲ್ಲಿ ಸೀಲಾಗಿ ಕೂತವು. ಇತ್ತ ಹಲಗೆಯಲ್ಲಿ ಒಂದೊಂದೇ ಸೂಜಿ ಮುರಿದು ಜಾಗ ಖಾಲಿಯಾಗುತ್ತ ಬಂತು. ರಂಗಲಕ್ಷ್ಮಮ್ಮ ಅಂಚಿನ ಸೂಜಿ ಕಿತ್ತು ನಡುವಿಗೆ ಹಾಕಿ, ಹಾಸಿನ ಅಗಲವನ್ನೇ ಕಿರಿದು ಮಾಡಿ ಹೇಗೋ ದಿನ ತಳ್ಳಿದಳು. ಮೆಷಿನ್ ನಿಂತರೆ ಮೂವತ್ತು ಹೆಂಗಸರು ಮನೆಗೆ. ಅದು ಎಲ್ಲರಿಗೂ ಗೊತ್ತಿತ್ತು. ಸರ್ವಮಂಗಳಳ ಬಾಯಿ ಕೂಡ ಸುಮ್ಮನಾಗಿತ್ತು.

ಕೊನೆಗೆ ಲಕ್ಷ್ಮೀನರಸಿಂಹಯ್ಯನವರು ಹೈಕೋರ್ಟಿಗೆ ರಿಟ್ ಹಾಕಿಸಿದರು. ವಕೀಲರು ಸಿದ್ದಗಂಗಯ್ಯ. ಅವರೂ ಗುಬ್ಬಿಯವರೇ, ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ಕಾರ್ಖಾನೆ ನೋಡಲು ಬಂದರು. ಮೆಷಿನ್ ನೋಡಿದರು, ತಲೆಯಾಡಿಸಿದರು. ಹಿಂದಿನ ಗೋಡೆಯ ಸೂಜಿಹಾಸು ಕಂಡು ಮಾತ್ರ ಅಲ್ಲೇ ನಿಂತುಬಿಟ್ಟರು.

"ಇದೇನಮ್ಮಾ ಇದು?"

ರಂಗಲಕ್ಷ್ಮಮ್ಮ ಹೇಳಿದಳು. ಕೇಳುತ್ತ ಕೇಳುತ್ತ ವಕೀಲರ ಮುಖ ಅರಳಿತು. "ಲಕ್ಷ್ಮೀನರಸಿಂಹಯ್ಯ, ಇಂಥದ್ದನ್ನ ಗೋಡೆಗೆ ತಗಲಾಕ್ಕೊಂಡು ನೀನು ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀಯಲ್ಲೋ! ತರಿಸಿದ ಸೂಜಿ ಎಷ್ಟು, ಹಲಗೇಲಿ ಎಷ್ಟು, ಇಲ್ಲಿ ಎಷ್ಟು, ಎಲ್ಲಾ ಕಣ್ಣೆದುರಿಗೇ ಐತೆ. ಬಜಾರಿಗೆ ಹೋಗಿದ್ರೆ ಇಲ್ಲಿ ಹೆಂಗಿರ್ತಿತ್ತು?"

ಆಮೇಲೆ ಅವಳ ಕಡೆ ತಿರುಗಿ ಸಮಾಧಾನವಾಗಿ ಹೇಳಿದರು. "ನೋಡಮ್ಮ, ಸುಂಕ ಇಷ್ಟೇ ಅಂತ ಕೋರ್ಟು ಹೇಳಲ್ಲ. ಅದು ಆಫೀಸರ ಕೆಲಸ. ಆದ್ರೆ ಆಫೀಸರು ನೋಡಬೇಕಾದ್ದನ್ನ ನೋಡಿ ತೀರ್ಮಾನ ಮಾಡಿದ್ರಾ, ಇಲ್ಲಾ ನೋಡದೇ ಮಾಡಿದ್ರಾ ಅಂತ ಕೋರ್ಟು ಕೇಳ್ತದೆ. ಈ ಸೂಜಿಗೆ ಈ ಮೆಷಿನ್ ಬಿಟ್ರೆ ಬೇರೆ ಗತಿ ಇಲ್ಲ ಅಂತ ನೀನು ಪ್ರಮಾಣ ಮಾಡಿ ಒಂದು ಅಫಿಡವಿಟ್ ಕೊಡಬೇಕು."

ಅಲ್ಲೇ ಮಾಲೀಕರ ಮೇಜಿನ ಮುಂದೆ ಕೂತು ಬರೆದರು. ಬರೆದು, ಕನ್ನಡದಲ್ಲಿ ಓದಿ ಹೇಳಿದರು. ಅವಳು ಒಂದೊಂದು ಮಾತಿಗೂ ಹೂಂ ಎಂದಳು. "ಎಪ್ಪತ್ತಾರರಿಂದ ಇವತ್ತಿನವರೆಗೆ ಒಂದೇ ಒಂದು ಸೂಜಿಯೂ ಕಾರ್ಖಾನೆಯ ಬಾಗಿಲು ದಾಟಿಲ್ಲ" ಎಂಬಲ್ಲಿಗೆ ಬಂದಾಗ ಹೂಂ ನಿಂತಿತು. ಪೆನ್ನು ಅವಳ ಕೈಗೆ ಬಂದಿತ್ತು. ಅದನ್ನು ಮೇಜಿನ ಮೇಲೆ ಮಲಗಿಸಿದಳು.

"ದಾಟೈತೆ ಸ್ವಾಮಿ. ಒಂದು."

ಲಕ್ಷ್ಮೀನರಸಿಂಹಯ್ಯನವರು ದಡಕ್ಕನೆ ಎದ್ದು ನಿಂತರು. ರಂಗಲಕ್ಷ್ಮಮ್ಮ ಇಬ್ಬರನ್ನೂ ಹಾಸಿನ ಹತ್ತಿರ ಕರೆದೊಯ್ದು ಹನ್ನೊಂದನೆಯ ಸಾಲಿನ ಖಾಲಿ ಜಾಗ ತೋರಿಸಿದಳು. ಎಪ್ಪತ್ತೆಂಟರ ಯುಗಾದಿಯ ಹಿಂದಿನ ದಿನದ ತಾರೀಖು. ಅದೊಂದು ಸವೆದ ಸೂಜಿ. ಹಬ್ಬಕ್ಕೆ ಕೊತ್ತಗೆರೆಗೆ ಹೊರಟಿದ್ದಳು. ಅತ್ತೆ ಚಿಕ್ಕಮಾರಮ್ಮನಿಗೆ ಹೊಲದಲ್ಲಿ ಸದಾ ಕಾಲಿಗೆ ಜಾಲಿ ಮುಳ್ಳು. ಜರ್ಮನಿ ಉಕ್ಕು, ಒಳ್ಳೇ ಚೂಪು, ಮುಳ್ಳು ತೆಗೆಯಲು ಚೆನ್ನಾಗಿರುತ್ತದೆಂದು ಸೆರಗಿನ ತುದಿಗೆ ಸಿಕ್ಕಿಸಿಕೊಂಡು ಹೋಗಿ ಕೊಟ್ಟಿದ್ದಳು. ಎರಡೂವರೆ ವರ್ಷದಿಂದ ಆ ಒಂದು ಜಾಗ ಅವಳ ಕಣ್ಣು ಚುಚ್ಚುತ್ತಿತ್ತು.

"ಒಂದು ಕಣಮ್ಮಾ, ಒಂದೇ ಒಂದು! ಒಂದು ಮುರುಕು ಸೂಜೀನ ಅಲ್ಲಿ ಚುಚ್ಚಿಬುಡು, ಯಾರಿಗ್ ಗೊತ್ತಾಗ್ತದೆ?" ಎಂದರು ಲಕ್ಷ್ಮೀನರಸಿಂಹಯ್ಯನವರು. "ಮೂವತ್ತು ಜನದ ಅನ್ನ ಇದು. ನಿನ್ ಅನ್ನಾನೂ ಸೇರಿ."

"ಗೊತ್ತು ಯಜಮಾನ್ರೇ. ಆದ್ರೆ ಆ ಒಂದು ಜಾಗ ಸುಳ್ಳಾದ್ರೆ ಮಿಕ್ಕಿದ್ದೆಲ್ಲಾನೂ ಸುಳ್ಳಾಗ್ತದೆ. ನಾನು ನಾಕ್ ವರ್ಷ ಬೈಸ್ಕೊಂಡು ಮಾಡಿದ್ದು ಇದು. ಸೈನ್ ಹಾಕಕ್ಕಾಗಲ್ಲ."

ಸಿದ್ದಗಂಗಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅದಿರ್ಲಿ," ಎಂದರು ಆಮೇಲೆ. "ನಿಮ್ಮತ್ತೆ ಆ ಸೂಜೀಲಿ ಮುಳ್ಳು ತೆಗೆದ್ರಾ?"

ರಂಗಲಕ್ಷ್ಮಮ್ಮ ತಲೆ ತಗ್ಗಿಸಿದಳು. "ಎಲ್ಲಿ ಸ್ವಾಮಿ. ಮುಳ್ಳನ್ನ ಇನ್ನೂ ಒಳಕ್ಕೆ ತಳ್ತಂತೆ. ಕಾಲು ಬಾತು, ಕುಣಿಗಲ್ ಆಸ್ಪತ್ರೇಲಿ ಕುಯ್ಸಿ ತೆಗೆಸ್ಬೇಕಾಯ್ತು. ಇವತ್ತಿಗೂ ಬೈತದೆ ನಮ್ಮತ್ತೆ."

ವಕೀಲರು ಮೇಜಿನ ಹತ್ತಿರ ವಾಪಸ್ ಬಂದರು. ಆಮೇಲೆ ಮೇಜು ಕುಟ್ಟಿ ಎಂಥ ನಗು ನಕ್ಕರೆಂದರೆ ಆಚೆ ನಾರು ಕೊಡವುತ್ತಿದ್ದವರು ಇಣುಕಿ ನೋಡಿದರು. ಬರೆದಿದ್ದ ಹಾಳೆ ಹರಿದು ಹಾಕಿ ಹೊಸ ಹಾಳೆ ತೆಗೆದರು. "ಹಂಗಾದ್ರೆ ಇದನ್ನೇ ಬರೆಯೋಣ. ಮುಳ್ಳು, ಕಾಲು, ಬೈಗುಳ, ಎಲ್ಲಾ. ಆ ಸೂಜಿ ಇನ್ನೂ ಐತಾ?"

ಮಾರನೆಯ ದಿನ ಭಾನುವಾರ. ಅವಳು ಕುಣಿಗಲ್ ಬಸ್ಸು ಹತ್ತಿದಳು. ಚಿಕ್ಕಮಾರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಕೇಳಿದ್ದಕ್ಕೆ ಎದ್ದು ಹೋಗಿ ಬಾಗಿಲ ಚೌಕಟ್ಟಿನ ಸಂದಿಯಿಂದ ಸೂಜಿ ಕಿತ್ತು ತಂದಳು. ಸ್ವಲ್ಪ ತುಕ್ಕು ಹಿಡಿದಿತ್ತು.

"ಎಸೆದಿರ್ತೀಯ ಅನ್ಕೊಂಡಿದ್ದೆ ಅತ್ತೆ."

"ಎಸೀಬೇಕು ಅಂತ ಎಷ್ಟ್ ಸಲ ಅಂದ್ಕೊಂಡೆ ಕಣೇ. ಜರ್ಮನಿ ಸಾಮಾನು ಅಂದಿದ್ಯಲ್ಲ, ಮನಸ್ ಬರ್ಲಿಲ್ಲ." ಸೊಸೆ ಕೋರ್ಟಿನ ವಿಷಯ ಹೇಳಿದಾಗ ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಅಂದ್ರೆ ನನ್ ಕಾಲ್ ಇಚಾರ ಅಲ್ಲಿ ಮಾತಾಡ್ತರಾ?"

"ಹೂಂ."

"ಹಂಗಾದ್ರೆ ನಾನೂ ಬರ್ತೀನಿ. ಕಾಲು ನನ್ದು ತಾನೆ? ನೀನೊಬ್ಳೇ ಹೋಗಿ ಏನ್ ಹೇಳೀಯೆ?"

ವಕೀಲರು ಚಿಕ್ಕಮಾರಮ್ಮನ ಹೆಬ್ಬೆಟ್ಟು ಒತ್ತಿಸಿ ಅವಳದೂ ಒಂದು ಅಫಿಡವಿಟ್ ಸೇರಿಸಿದರು. ಕೇಸು ಬೆಂಚಿಗೆ ಬರುವ ಹೊತ್ತಿಗೆ ಎಂಬತ್ತೊಂದರ ಮಾರ್ಚ್ ಆಗಿತ್ತು. ಹಲಗೆಯಲ್ಲಿ ಐನೂರಕ್ಕೂ ಹೆಚ್ಚು ಜಾಗ ಖಾಲಿಯಾಗಿ ಹಾಸು ಇನ್ನೂ ಕಿರಿದಾಗಿತ್ತು. ಮಾಲೀಕರು ಆಗಲೇ ಹತ್ತು ಜನರಿಗೆ, ಕರೆಸಿಕೊಳ್ಳುವ ತನಕ ಬರಬೇಡಿ ಎಂದಿದ್ದರು. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು.

ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಹೊರಟರು. ಹಾಸಿನ ಹನ್ನೊಂದನೆಯ ಸಾಲನ್ನು ಪಟ್ಟಿಯಾಗಿ ಕತ್ತರಿಸಿ, ಸೂಜಿ ಕದಲದಂತೆ ಎರಡು ಹಲಗೆಯ ನಡುವೆ ಕಟ್ಟಿ, ರಂಗಲಕ್ಷ್ಮಮ್ಮ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಚಿಕ್ಕಮಾರಮ್ಮ ಮದುವೆಯ ಸೀರೆ ಉಟ್ಟಿದ್ದಳು. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡದ ಕಂಬಗಳನ್ನು ಕಂಡು, "ಒಳಗೆ ಚಪ್ಲಿ ಬುಟ್ಟು ಹೋಗ್ಬೇಕಾ?" ಎಂದು ಕೇಳಿದಳು. ಬೇಡವೆಂದರೂ ಕೇಳದೆ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು.

ಇಂಗ್ಲಿಷಿನಲ್ಲಿ ವಾದ ಶುರುವಾಯಿತು. ರಂಗಲಕ್ಷ್ಮಮ್ಮನಿಗೆ ಮೆಷಿನ್ ಎಂಬ ಮಾತು ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಲಕ್ಷ್ಮೀನರಸಿಂಹಯ್ಯನವರು ಪಿಸುಗುಟ್ಟುತ್ತ ಹೇಳುತ್ತಿದ್ದರು. ಸಿದ್ದಗಂಗಯ್ಯನವರು ಅರ್ಧ ಗಂಟೆ ಮಾತಾಡಿ ಕೂತರು. ಸರ್ಕಾರದ ಕಡೆಯ ವಕೀಲರು ಎದ್ದರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಅವರು ನೇರವಾಗಿ ಅವಳ ಅಫಿಡವಿಟ್ಟಿಗೇ ಬಂದರು. ಅರ್ಜಿದಾರರ ಕಡೆಯ ಸಾಕ್ಷಿಯೇ ಒಪ್ಪಿಕೊಂಡಿದ್ದಾಳೆ, ಸೂಜಿ ಹೊರಗೆ ಹೋಗಿದೆ, ಮನೆಯಲ್ಲಿ ಕೈಯಿಂದ ಬಳಸಿದ್ದಾರೆ. ಕೈ ಸಾಮಾನು ಎಂದು ಅಧಿಕಾರಿ ಹೇಳಿದ್ದೂ ಇದನ್ನೇ ಅಲ್ಲವೇ?

ಲಕ್ಷ್ಮೀನರಸಿಂಹಯ್ಯನವರು ಪಿಸುಗುಟ್ಟುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿಕೊಂಡರು. ಅವರು ಹೇಳದಿದ್ದರೂ ಅವಳಿಗೆ ಅರ್ಥವಾಯಿತು. ತಾನು ಸೈನ್ ಹಾಕಿ ಎಲ್ಲವನ್ನೂ ಹಾಳು ಮಾಡಿದೆನೇ ಎಂದುಕೊಂಡು ತೊಡೆಯ ಮೇಲಿನ ಹಲಗೆಯನ್ನು ಎದೆಗೊತ್ತಿಕೊಂಡಳು.

ನ್ಯಾಯಮೂರ್ತಿಗಳು ಕಾಗದದಿಂದ ತಲೆಯೆತ್ತಿ, "ಈ ರಂಗಲಕ್ಷ್ಮಮ್ಮ ಬಂದಿದ್ದಾರೆಯೇ?" ಎಂದು ಕನ್ನಡದಲ್ಲೇ ಕೇಳಿದರು.

ಅವಳು ಎದ್ದು ನಿಂತಳು. ಮುಂದೆ ಬರಲು ಹೇಳಿದರು. ಬಂದಳು.

"ಮುಳ್ಳು ತೆಗೆಯುವುದಕ್ಕೆ ಅಂತ ಕೊಟ್ಟಿರಿ. ಮುಳ್ಳು ಬಂತೋ?"

"ಇಲ್ಲ ಸ್ವಾಮಿ. ಇನ್ನೂ ಒಳಕ್ಕೋಯ್ತು."

"ಯಾಕೆ?"

"ಅದರ ಕೆಲ್ಸಾನೇ ಅದು ಸ್ವಾಮಿ. ಎದುರಿಗೆ ಸಿಕ್ಕಿದ್ದನ್ನ ಒಳಕ್ಕೆ ತಳ್ಳಿ, ತಾನು ಬರೀ ಕೈಲಿ ಬತ್ತದೆ. ನಾರಾದ್ರೂ ಅಷ್ಟೆ, ಮುಳ್ಳಾದ್ರೂ ಅಷ್ಟೆ. ದಿನಾ ಹಲಗೆ ಮೇಲೆ ಅದನ್ನೇ ನೋಡ್ತಿದ್ರೂ ನಂಗೆ ಹೊಳೀಲಿಲ್ಲ. ತಪ್ಪು ನನ್ದು."

ಹಿಂದಿನ ಬೆಂಚಿನಿಂದ ಚಿಕ್ಕಮಾರಮ್ಮ ಎದ್ದು, "ಹೌದು ಸ್ವಾಮಿ, ಇದೇ ಕಾಲು" ಎಂದು ಬಲಗಾಲು ಮುಂದೆ ಚಾಚಿಬಿಟ್ಟಳು. ಜವಾನ ಅವಳನ್ನು ಕೂರಿಸಲು ಓಡಿದ. ಕೋರ್ಟೆಲ್ಲ ನಕ್ಕಿತು. ಸರ್ಕಾರದ ವಕೀಲರೂ ನಕ್ಕರು.

ನ್ಯಾಯಮೂರ್ತಿಗಳು ನಗಲಿಲ್ಲ. ಆ ತುಕ್ಕು ಹಿಡಿದ ಸೂಜಿಯನ್ನು ತರಿಸಿ ಬೆಳಕಿಗೆ ಹಿಡಿದು ನೋಡಿದರು. ನಾರಿನ ಒಂದು ತುಣುಕು ತೆಗೆದುಕೊಂಡು ತಾವೇ ಚುಚ್ಚಿದರು, ಎಳೆದರು, ಮತ್ತೆ ಚುಚ್ಚಿದರು. ನಾರು ಕೆಳಗೆ ಇಳಿಯಿತು, ಸೂಜಿ ಬರಿದಾಗಿ ಬಂತು. ಆಮೇಲೆ ಸರ್ಕಾರದ ವಕೀಲರ ಕೈಗೂ ಕೊಡಿಸಿದರು. ಅವರೂ ಚುಚ್ಚಿ ನೋಡಿದರು. ಇದರಲ್ಲಿ ದಾರ ಪೋಣಿಸುವುದು ಎಲ್ಲಿ, ಚೀಲ ಹೊಲಿಯುವುದು ಹೇಗೆ ಎಂದು ನ್ಯಾಯಮೂರ್ತಿಗಳು ಕೇಳಿದ್ದಕ್ಕೆ ಅವರು ಸೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು.

"ಒಂದು ಮಾತು," ಎಂದರು ನ್ಯಾಯಮೂರ್ತಿಗಳು ಅವಳಿಗೆ. "ಈ ಒಂದು ಸೂಜಿಯ ವಿಷಯ ನೀವು ಬರೆಸದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾಕೆ ಬರೆಸಿದಿರಿ?"

ಅವಳು ಹಲಗೆಯ ನಡುವಿನ ಪಟ್ಟಿಯನ್ನು ಬಿಚ್ಚಿ ತೋರಿಸಿದಳು. ಸಾಲಿನಲ್ಲಿ ತೊಂಬತ್ತೊಂಬತ್ತು ಸೂಜಿ, ನೂರು ಚೀಟಿ.

"ಜಾಗ ಖಾಲಿ ಐತಲ್ಲ ಸ್ವಾಮಿ."

ತೀರ್ಪು ಮೂರು ವಾರದ ಮೇಲೆ ಬಂತು. ಸಿದ್ದಗಂಗಯ್ಯನವರು ಅದನ್ನು ತಾವೇ ಕಾರ್ಖಾನೆಗೆ ತಂದು ಓದಿ ಕನ್ನಡದಲ್ಲಿ ಹೇಳಿದರು. ವಸ್ತು ಏನು, ಅದು ಯಾವುದಕ್ಕೆ ಒದಗುತ್ತದೆ ಎಂದು ನೋಡದೆ, ಎಷ್ಟು ಬಂದಿದೆ ಎಂಬ ಎಣಿಕೆಯ ಅನುಮಾನದ ಮೇಲೆಯೇ ಪಟ್ಟಿಯ ಸಾಲು ಬದಲಿಸಿದ್ದು ಸರಿಯಲ್ಲ. ಆ ಆದೇಶ ರದ್ದು. ಅಧಿಕಾರಿ ಕಾರ್ಖಾನೆಗೆ ಹೋಗಿ ಮೆಷಿನ್ ಓಡುವುದನ್ನು ಕಣ್ಣಾರೆ ನೋಡಿ ಆರು ವಾರದೊಳಗೆ ಹೊಸದಾಗಿ ತೀರ್ಮಾನ ಮಾಡಬೇಕು. ಕೊನೆಯಲ್ಲಿ ಇನ್ನೊಂದು ಮಾತಿತ್ತು. ಅದನ್ನು ವಕೀಲರು ಎರಡು ಸಲ ಓದಿದರು. "ತನ್ನ ಕಡೆಗೇ ತೊಡಕಾಗಬಹುದಾದ ಒಂದು ಸೂಜಿಯನ್ನೂ ಮುಚ್ಚಿಡದ ಈ ಕೆಲಸಗಾರ್ತಿಯ ಮಾತನ್ನು ನಂಬದಿರಲು ನನಗೆ ಯಾವ ಕಾರಣವೂ ಕಾಣುವುದಿಲ್ಲ."

ರಂಗಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾರಿನ ದೂಳು ಕಣ್ಣಿಗೆ ಬಿತ್ತು ಎಂದಳು. ಅವತ್ತು ಅಲ್ಲಿದ್ದ ಎಲ್ಲರ ಕಣ್ಣಿಗೂ ಅದೇ ದೂಳು ಬಿದ್ದಿತ್ತು.

"ಅಂದ್ರೆ ಗೆದ್ದಂಗೋ ಸೋತಂಗೋ?" ಎಂದು ಲಕ್ಷ್ಮೀನರಸಿಂಹಯ್ಯ ಕೇಳಿದರು.

"ಆಫೀಸರು ಬಂದು ನೋಡ್ಲಿ, ಆಗ ಹೇಳ್ತೀನಿ," ಎಂದರು ವಕೀಲರು.

ಅಧಿಕಾರಿ ಬಂದರು. ಎತ್ತರದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಮಾತು ಕಡಿಮೆಯ ಮನುಷ್ಯ. ಕಾಫಿ ಬೇಡವೆಂದರು, ಕುರ್ಚಿಯೂ ಬೇಡವೆಂದರು. ಮೆಷಿನ್ನಿನ ಪಕ್ಕದಲ್ಲಿ ಕೈಕಟ್ಟಿ ನಿಂತರು. ಮುಕ್ಕಾಲು ಗಂಟೆ ಆಗಿರಬಹುದು. ಟಕ್ ಎಂದು ಸದ್ದಾಯಿತೋ ಇಲ್ಲವೋ, ರಂಗಲಕ್ಷ್ಮಮ್ಮನ ಕೈ ಸ್ವಿಚ್ಚಿನ ಮೇಲಿತ್ತು. ಮೆಷಿನ್ ನಿಂತಿತು. ಲಕ್ಷ್ಮೀನರಸಿಂಹಯ್ಯನವರು, ಇವತ್ತಾದರೂ ಬಿಡಬಾರದೇ ಎಂಬಂತೆ ಅವಳನ್ನು ನೋಡಿದರು.

"ಏನಾಯಿತು?" ಎಂದರು ಅಧಿಕಾರಿ.

"ಸೂಜಿ ಮುರೀತು ಸಾರ್. ತುದಿ ಹುಡುಕ್ಬೇಕು."

ಹೆಂಗಸರೆಲ್ಲ ಅಭ್ಯಾಸದಂತೆ ಕೂತು ನಾರು ಕೆದಕತೊಡಗಿದರು. ಹತ್ತು ನಿಮಿಷವಾಯಿತು, ಸಿಗಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು. ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಸಿಗುವ ತನಕ ಹುಡುಕುತ್ತೇವೆ ಎಂದಳು ಅವಳು, ತಲೆಯೆತ್ತದೆ. ಅಧಿಕಾರಿ ಅಂಗಿಯ ತೋಳು ಮಡಿಸಿ, ಪ್ಯಾಂಟಿನ ಮಂಡಿ ಹಿಡಿದುಕೊಂಡು ತಾವೂ ನೆಲಕ್ಕೆ ಕೂತರು. ಮತ್ತೆ ಐದು ನಿಮಿಷಕ್ಕೆ, "ಇದೇನಾ?" ಎಂದವರು ಅವರೇ. ಬೆರಳ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಉಕ್ಕು.

"ಅದೇ ಸಾರ್!" ಎಂದು ಸರ್ವಮಂಗಳ ಕೂಗಿಯೇಬಿಟ್ಟಳು.

ರಂಗಲಕ್ಷ್ಮಮ್ಮ ತುದಿಯನ್ನು ಬುಡಕ್ಕೆ ಕಟ್ಟಿ ಹಾಸಿನಲ್ಲಿ ಚುಚ್ಚಿದಳು. ಚೀಟಿಯನ್ನೂ ಪೆನ್ಸಿಲನ್ನೂ ಅಧಿಕಾರಿಯ ಮುಂದೆ ಹಿಡಿದಳು. "ಹುಡ್ಕಿದೋರು ನೀವು. ತಾರೀಖು ನೀವೇ ಬರೀಬೇಕು." ಅವರು ಬರೆದರು. ಬರೆದು, ಮೇಲಿನಿಂದ ಕೆಳಗಿನ ತನಕ ಹಾಸಿನಲ್ಲಿದ್ದ ಸಾಲುಗಳನ್ನೆಲ್ಲ ನಿಧಾನವಾಗಿ ನೋಡಿದರು. ಹೋಗುವಾಗ ಕಾಫಿ ಕುಡಿದು ಹೋದರು.

ಹದಿನೈದು ದಿನಕ್ಕೆ ಆದೇಶ ಬಂತು. ಸೂಜಿ ಮೆಷಿನ್ನಿನ ಭಾಗವೇ. ಪೆಟ್ಟಿಗೆಗಳು ಬಂದ ದಿನ ಮನೆಗೆ ಕಳಿಸಿದ್ದ ಹತ್ತೂ ಜನ ಹೆಂಗಸರು ಬೆಳಿಗ್ಗೆ ಗೇಟಿನ ಮುಂದೆ ಹಾಜರಿದ್ದರು. ರಂಗಲಕ್ಷ್ಮಮ್ಮ ಎರಡು ದಿನ ಕೂತು ಹಲಗೆ ತುಂಬಿಸಿದಳು. ನಾಲ್ಕು ಸಾವಿರವೂ ತುಂಬಿ ಮೆಷಿನ್ ಪೂರಾ ಅಗಲದ ಹಾಸು ಹೊರಗೆ ತಳ್ಳಿದಾಗ ಲಕ್ಷ್ಮೀನರಸಿಂಹಯ್ಯನವರು ಅದರ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸವರಿದರು. ಆಮೇಲೆ ಅವಳು ಮೆಷಿನ್ ನಿಲ್ಲಿಸಿದಾಗಲೆಲ್ಲ ಅವರು ಗಡಿಯಾರ ನೋಡುವುದನ್ನು ಬಿಟ್ಟರು. ಬಂದವರಿಗೆಲ್ಲ ಗೋಡೆಯ ಹತ್ತಿರ ಕರೆದೊಯ್ದು, "ನಮ್ ರಂಗಲಕ್ಷ್ಮಮ್ಮಂದು" ಎಂದು ತೋರಿಸುತ್ತಿದ್ದರು. ಕೊತ್ತಗೆರೆಯಲ್ಲಿ ಚಿಕ್ಕಮಾರಮ್ಮನ ಕಥೆ ಬೇರೆ. ಅಲ್ಲಿ ಕೇಸು ಗೆದ್ದದ್ದು ಅವಳ ಬಲಗಾಲು.

ಕೋರ್ಟಿಗೆ ಕೊಟ್ಟಿದ್ದ ವಸ್ತುಗಳು ವಾಪಸ್ಸು ಬಂದದ್ದು ಎಂಬತ್ತೆರಡರ ಸಂಕ್ರಾಂತಿ ಕಳೆದ ಮೇಲೆ. ಹನ್ನೊಂದನೆಯ ಸಾಲಿನ ಪಟ್ಟಿ, ಮತ್ತೆ ಒಂದು ಲಕೋಟೆ. ಲಕೋಟೆಯಲ್ಲಿ ಆ ತುಕ್ಕು ಸೂಜಿ, ಅದರ ಕೊರಳಿಗೆ ಕೋರ್ಟಿನ ನಂಬರಿನ ಚೀಟಿ. ಮಧ್ಯಾಹ್ನದ ಊಟದ ಹೊತ್ತು. ರಂಗಲಕ್ಷ್ಮಮ್ಮ ಪಟ್ಟಿಯನ್ನು ಹಾಸಿನಲ್ಲಿ ಅದರ ಜಾಗಕ್ಕೆ ಹೊಲಿದಳು. ಹೊಲಿದದ್ದು ಅಂಗಡಿಯ ಮಾಮೂಲಿ ದಬ್ಬಳದಿಂದ, ಆ ಮಾತು ಹೇಳಿ ಎಲ್ಲರನ್ನೂ ನಗಿಸಿದಳು. ಆಮೇಲೆ ಲಕೋಟೆಯ ಸೂಜಿಯನ್ನು, ಕೋರ್ಟಿನ ಚೀಟಿ ಬಿಚ್ಚದೆ, ಖಾಲಿ ಜಾಗಕ್ಕೆ ಒತ್ತಿದಳು. ಪಕ್ಕದ ಹಳೇ ಚೀಟಿಯಲ್ಲಿ ತಾರೀಖು ಮಾತ್ರ ಇತ್ತು. ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ, ಏಳನೇ ಕ್ಲಾಸಿನ ದುಂಡು ಅಕ್ಷರದಲ್ಲಿ, "ಹೋಗಿತ್ತು, ಬಂತು" ಎಂದು ಬರೆದು, ಕೈ ತೊಳೆದುಕೊಂಡು ಬಂದು ಬುತ್ತಿ ಬಿಚ್ಚಿದಳು.